ಒಂಟಿ ಮನೆಗೆ ರಿವಾಲ್ವರ್: ಯಾವ ಬೋರ್ ಒಳ್ಳೆಯದು?

ಹಳ್ಳದಾಚೆ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕು. ಟಾರು ರಸ್ತೆ ಬಿಟ್ಟು ಎರಡೂವರೆ ಕಿಲೋಮೀಟರ್ ಒಳಗೆ ಒಂಟಿ ಮನೆ. ಪಕ್ಕದ ಮನೆಗೆ ಹೋಗಬೇಕೆಂದರೆ ಗುಡ್ಡ ಇಳಿದು ಹಳ್ಳ ದಾಟಬೇಕು. ಅಪ್ಪನಿಗೆ 71. ಅಮ್ಮ, ನಾನು, ಹೆಂಡತಿ, ನಾಲ್ಕು ವರ್ಷದ ಮಗಳು. ಬೆಂಗಳೂರು ಬಿಟ್ಟು ಬಂದು ಎರಡು ವರ್ಷ ಆಯ್ತು.

ಹೋದ ಡಿಸೆಂಬರಿನಲ್ಲಿ ಒಂದು ರಾತ್ರಿ ನಾಯಿ ಒಂದೇ ಸಮನೆ ಬೊಗಳಿತು. ಹಂದಿ ಬಂದಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅಂಗಳದಿಂದ ಮೂರು ಚೀಲ ಅಡಿಕೆ ಮಾಯ. ಬೇಯಿಸಿ ಒಣಗಿಸಿ ಮುಗಿದಿದ್ದ ರಾಶಿ. ದುಡ್ಡು ಹೋಯ್ತು, ಹೋಗಲಿ. ಆದರೆ ಜಗಲಿ ಮೇಲೆ ಇಬ್ಬನಿಯಲ್ಲಿ ಒದ್ದೆಯಾದ ಚಪ್ಪಲಿ ಗುರುತು ಇತ್ತು. ಮಗಳು ಮಲಗುವ ಕೋಣೆಯ ಕಿಟಕಿ ಅಲ್ಲಿಂದ ಎರಡು ಮಾರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಜೋಡಿ ನಳಿಗೆ ಕೋವಿ ಇದೆ, 12 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಉದ್ದ, ಭಾರ. ಬಾಗಿಲಲ್ಲಿ ತಿರುಗಿಸುವುದಕ್ಕೂ ಕಷ್ಟ. ಹಾಗಾಗಿ ನಾನು ಆತ್ಮರಕ್ಷಣೆಗೆ ಸಣ್ಣದೊಂದು ತಗೊಳ್ಳೋಣ ಅಂತಿದ್ದೇನೆ. ಯೂಟ್ಯೂಬಿನಲ್ಲಿ ಒಬ್ಬ 9 ಎಂಎಂ ಅನ್ನುತ್ತಾನೆ, ಇನ್ನೊಬ್ಬ .45ಕ್ಕಿಂತ ಕೆಳಗಿನದೆಲ್ಲ ಆಟಿಕೆ ಅನ್ನುತ್ತಾನೆ. ನಮ್ಮಲ್ಲಿ ಬರುವ .32 (ಇಂಚಿನ ಲೆಕ್ಕ) ನಿಜವಾಗಿ ಸಾಕಾಗುತ್ತದಾ? ರಿವಾಲ್ವರ್ರೋ ಪಿಸ್ತೂಲೋ? ಇಟ್ಟುಕೊಂಡಿರುವವರು ಹೇಳಿ.

ಹಳೇ ಹವಾಲ್ದಾರ್

ತಮ್ಮಾ, ಮೊದಲು ಆ ಯೂಟ್ಯೂಬ್ ಮುಚ್ಚು. ಅವರ ಅಂಗಡಿ ಬೇರೆ, ನಮ್ಮ ಅಂಗಡಿ ಬೇರೆ.

ನಮ್ಮ ದೇಶದಲ್ಲಿ ಬೋರ್ ಆರಿಸುವ ಕೆಲಸದ ಮುಕ್ಕಾಲು ಪಾಲನ್ನು ಕಾನೂನೇ ಮಾಡಿಬಿಟ್ಟಿದೆ. ಸೈನ್ಯ, ಪೊಲೀಸರು ಬಳಸುವ ತೋಟ (ಕಾಡತೂಸು) ಹಾಕಬಹುದಾದ ಬಂದೂಕು ನಿಷೇಧಿತ ಬೋರ್. ಕೈಬಂದೂಕಿನಲ್ಲಿ 9 ಎಂಎಂ, .38, .455 ಆ ಪಟ್ಟಿಯಲ್ಲಿವೆ. ರೈಫಲಿನಲ್ಲಿ .303. ಅವಕ್ಕೆ ಡಿಸಿ ಆಫೀಸು ಲೈಸೆನ್ಸ್ ಕೊಡುವ ಹಾಗಿಲ್ಲ, ಕೇಂದ್ರ ಗೃಹ ಇಲಾಖೆಗೆ ಹೋಗಬೇಕು. ಅಡಿಕೆ ಕಳ್ಳರ ಕಾಟಕ್ಕೆ ಅಲ್ಲಿ ಯಾರೂ ಕಿವಿ ಕೊಡುವುದಿಲ್ಲ. ನಿನ್ನಂಥವರಿಗೆ ಅಂಗಡಿಯಲ್ಲಿ ಹೊಸದಾಗಿ ಸಿಗುವುದು ಹೆಚ್ಚಾಗಿ .32, ಇಲ್ಲ .22. ಆದ್ದರಿಂದ 9 ಎಂಎಂ ದೊಡ್ಡದೋ .45 ದೊಡ್ಡದೋ ಅನ್ನುವ ಜಗಳ ನಮಗೆ ಮದುವೆ ಮನೆಯಲ್ಲಿ ಪಕ್ಕದ ಎಲೆ ನೋಡಿದ ಹಾಗೆ.

ಇನ್ನು .32 ಅಂದರೆ ಒಂದೇ ಅಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ರಿವಾಲ್ವರಿನದು .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್, 1896ರ ಕಾಲದ್ದು. ಪಿಸ್ತೂಲಿನದು .32 ಎಸಿಪಿ, ಅಮೆರಿಕದ ಬಂದೂಕು ವಿನ್ಯಾಸಕ ಬ್ರೌನಿಂಗ್ 1899ರಲ್ಲಿ ಮಾಡಿದ್ದು. ಎರಡನ್ನೂ 7.65 ಅಂತಲೇ ಕರೆಯುತ್ತಾರೆ. ಮುಂದಿನ ಸಂಖ್ಯೆ ನೋಡಬೇಕು. 23 ಇದ್ದರೆ ರಿವಾಲ್ವರ್, 17 ಇದ್ದರೆ ಪಿಸ್ತೂಲು. ಅದು ತೋಟದ ಕೊಳವೆಯ ಉದ್ದ, ಮಿಲಿಮೀಟರಿನಲ್ಲಿ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಗೊತ್ತಿಲ್ಲದೆ ಡಬ್ಬಿ ತಂದು ಇಟ್ಟುಕೊಂಡವರನ್ನು ನೋಡಿದ್ದೇನೆ.

ಏಟಿನ ಲೆಕ್ಕ ಕೇಳುತ್ತೀಯಾದರೆ, ನಳಿಗೆ ಬಿಡುವಾಗ 9 ಎಂಎಂ ಗುಂಡಿನಲ್ಲಿ 450ರಿಂದ 500 ಜೌಲ್ (ಶಕ್ತಿಯ ಅಳತೆ) ಇರುತ್ತದೆ. .32 ಎಸಿಪಿಯಲ್ಲಿ 170ರ ಆಸುಪಾಸು. .32 ಲಾಂಗ್‌ನಲ್ಲಿ 150. ಗಿಡ್ಡ ನಳಿಗೆಯ .22ರಲ್ಲಿ 100 ಸಿಕ್ಕರೆ ಹೆಚ್ಚು. ನಿಮ್ಮಪ್ಪನ 12 ಬೋರ್ ಎಷ್ಟು ಗೊತ್ತಾ? 2000 ದಾಟುತ್ತದೆ. ಮನೆಯಲ್ಲಿ ಆನೆ ಕಟ್ಟಿಕೊಂಡು ಕರು ಹುಡುಕುತ್ತಿದ್ದೀಯ.

ಗೊರಬಲು

ಹವಾಲ್ದಾರ್ ಸಾರ್, ಆನೆ ಬಾಗಿಲಲ್ಲಿ ತಿರುಗಲ್ಲ ಅಂತಲೇ ಅಲ್ವಾ ಅವರು ಕೇಳಿದ್ದು 😄

ಹಳೇ ಹವಾಲ್ದಾರ್

ತಿರುಗಿಸುವುದು ಕಲಿಯಬೇಕು ಗೊರಬಲು. ಒನಕೆ ಅಡ್ಡ ಹಿಡಿದು ಬಾಗಿಲು ದಾಟುತ್ತಾರಾ?

ಹೆಸರಿಗೆ ಬೆಟ್ಟೆ

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ. .32 ದಂಡ. ತೊಡೆಗೋ ತೋಳಿಗೋ ಬಿದ್ದರೆ ಕುಡಿದ ಮನುಷ್ಯ ನಿಲ್ಲುವುದೇ ಇಲ್ಲ. ದೊಡ್ಡ ಗುಂಡು ದೊಡ್ಡದೇ. ಇಲ್ಲದಿದ್ದರೆ ಅಮೆರಿಕದ ಪೊಲೀಸರು ಯಾಕೆ .40, .45 ಅಂತ ಹೋಗುತ್ತಿದ್ದರು? ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಸಾಕು ಅಂತ ಮಾತ್ರ ಹೇಳಬೇಡಿ.

ಹಳೇ ಹವಾಲ್ದಾರ್

ಹೋಗಿದ್ದು ನಿಜ. ವಾಪಸ್ ಬಂದಿದ್ದೂ ನಿಜ, ಅದನ್ನೂ ಹೇಳಬೇಕು.

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಎಫ್‌ಬಿಐನವರಿಗೂ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ಆಯ್ತು. ಎಫ್‌ಬಿಐನ ಇಬ್ಬರು ಸತ್ತರು, ಐವರಿಗೆ ಗಾಯ. ಒಬ್ಬ ದರೋಡೆಕೋರನಿಗೆ ಮೊದಲೇ 9 ಎಂಎಂ ಗುಂಡು ಬಿದ್ದಿತ್ತು, ತೋಳು ತೂರಿ ಎದೆಗೆ ಹೋಗಿತ್ತು, ಆದರೆ ಹೃದಯ ಮುಟ್ಟುವ ಮೊದಲೇ ನಿಂತಿತ್ತು. ಅವನು ಆಮೇಲೂ ಹೊಡೆಯುತ್ತಲೇ ಇದ್ದ. ತಪ್ಪು ಗುಂಡಿನದ್ದು ಅಂತ ತೀರ್ಮಾನಿಸಿ 10 ಎಂಎಂಗೆ ಹೋದರು. ಅದರ ಒದೆತ ತಡೆಯಲಾಗದೆ 1990ರಲ್ಲಿ ಬಂದ .40ಕ್ಕೆ ಇಳಿದರು. ಕೊನೆಗೆ 2014ರ ಹೊತ್ತಿಗೆ ಅವರ ತರಬೇತಿ ವಿಭಾಗವೇ 9 ಎಂಎಂ ಸಾಕು ಅಂದಿತು. ಗುಂಡಿನ ತಯಾರಿಕೆ ಅಷ್ಟರಲ್ಲಿ ಸುಧಾರಿಸಿತ್ತು, ಅದು ಒಂದು ಕಾರಣ. ಇನ್ನೊಂದು, ಒದೆತ ಕಮ್ಮಿ ಇದ್ದರೆ ಜನ ಗುರಿಗೆ ಬೀಳಿಸುತ್ತಾರೆ. ಸುತ್ತಿ ಬಳಸಿ 30 ವರ್ಷ.

.32 ದೊಡ್ಡ ಗುಂಡು ಅಂತ ನಾನು ಹೇಳಲಿಲ್ಲ ಬೆಟ್ಟೆಯವರೆ. ಚಿಕ್ಕದೇ. ಆದರೆ ಯೂರೋಪಿನ ಪೊಲೀಸರು ಎಷ್ಟೋ ವರ್ಷ ಇದೇ 7.65 ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದಾರೆ.

ಕುಶಾವತಿ ದಂಡೆ

ನಾನು ತೀರ್ಥಹಳ್ಳಿ ಕಡೆಯವಳು. ಯಜಮಾನರು ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. .32 ರಿವಾಲ್ವರ್ ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ಒಂಬತ್ತು ವರ್ಷ ಆಯ್ತು. ಗಂಡಸರು ಜೌಲ್ ಲೆಕ್ಕ ಮುಗಿಸಿದ್ದರೆ ಬೆರಳಿನ ಲೆಕ್ಕ ನಾನು ಹೇಳುತ್ತೇನೆ.

ರಿವಾಲ್ವರಿನಲ್ಲಿ ಕುದುರೆ (ತೋಟಕ್ಕೆ ಬಡಿಯುವ ಸುತ್ತಿಗೆ) ಹಿಂದಕ್ಕೆ ಎಳೆದಿಡದೆ ಸೀದಾ ಟ್ರಿಗರ್ ಒತ್ತಿದರೆ ಅದೇ ಟ್ರಿಗರ್ ತೋಟ ತುಂಬುವ ಉರುಳೆ ತಿರುಗಿಸಬೇಕು, ಕುದುರೆಯನ್ನೂ ಎತ್ತಬೇಕು. ಮೊದಲ ಸಲ ಅಂಗಡಿಯಲ್ಲಿ ಖಾಲಿ ಕೊಟ್ಟು ಒತ್ತಿ ನೋಡಿ ಅಂದರು. ತೋರುಬೆರಳು ಬಿಳಿಚಿಕೊಂಡಿತು, ಅದು ಮಾತ್ರ ಅಲ್ಲಾಡಲಿಲ್ಲ. ಎರಡು ಬೆರಳು ಹಾಕಿ ಒತ್ತಿದೆ. ಒತ್ತುವಷ್ಟರಲ್ಲಿ ನಳಿಗೆಯ ಮೂತಿ ಬಲಕ್ಕೆ ಒಂದು ಗೇಣು ಹೋಗಿತ್ತು. ಎದುರಿಗೆ ಕಳ್ಳ ಇದ್ದಿದ್ದರೆ ಪಕ್ಕದ ಬಾಳೆಗೊನೆಗೆ ಬೀಳುತ್ತಿತ್ತು.

ಆಮೇಲೆ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೋದೆ. ಬೆಳಿಗ್ಗೆ ಬೇಗ ಮೈದಾನ, ಆಮೇಲೆ ಬಂದೂಕು ಬಿಚ್ಚಿ ಜೋಡಿಸುವುದು, ಕೊನೆಗೆ ಫೈರಿಂಗ್. ಮನೆಯಲ್ಲಿ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೆರಳು ಗಟ್ಟಿ ಮಾಡಿಕೊಂಡೆ. ಕಾಫಿ ಕುಡಿಯುವಾಗಲೂ ಕೈಯಲ್ಲಿ ಚೆಂಡು. ಮೂರು ತಿಂಗಳು ಬೇಕಾಯ್ತು.

ಪಿಸ್ತೂಲು ಯಾಕೆ ಬೇಡ ಅಂದೆ ಅಂದರೆ, ಮೇಲಿನ ಸ್ಲೈಡ್ ಹಿಂದಕ್ಕೆ ಎಳೆಯುವುದಕ್ಕೆ ನನ್ನ ಕೈಲಿ ಆಗಲಿಲ್ಲ. ಚಿಕ್ಕ ಪಿಸ್ತೂಲು ಅಂದರೆ ಸುಲಭ ಅಂದುಕೊಂಡಿದ್ದೆ. ಉಲ್ಟಾ, ಅದರ ಸ್ಪ್ರಿಂಗ್ ಇನ್ನೂ ಬಿಗಿ. ತೋಟ ತುಂಬಿದ ಮ್ಯಾಗಜೀನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ತೋಟ ಉಳಿದಿರಬಹುದು, ಅದು ಮರೆತುಹೋಗುವ ಭಯ ಬೇರೆ. ರಿವಾಲ್ವರ್ ಉರುಳೆ ತೆಗೆದರೆ ಆರು ಗೂಡೂ ಕಣ್ಣಿಗೆ ಕಾಣುತ್ತವೆ. ಇದೆಯೋ ಇಲ್ಲವೋ, ಮುಗಿಯಿತು.

ಹಳ್ಳದಾಚೆ ಮನೆ

ಅಕ್ಕಾ, ತುಂಬಾ ಉಪಕಾರ ಆಯ್ತು. ಹಗುರವಾದವು ಬಂದಿವೆಯಂತಲ್ಲ, ನಿರ್ಭೀಕ್, ನಿಡರ್ ಅಂತ. ಅವು ಹೇಗೆ?

ಕುಶಾವತಿ ದಂಡೆ

ನಿರ್ಭೀಕ್ 2014ರಲ್ಲಿ ಬಂತು. ಕಾನ್ಪುರದ ಸರ್ಕಾರಿ ಕಾರ್ಖಾನೆಯದ್ದು, .32, ಅರ್ಧ ಕೆಜಿ ತೂಕ. ಹೆಂಗಸರಿಗೆ ಅಂತ ಹೇಳಿಯೇ ಬಿಟ್ಟರು. ಬೆಲೆ ಆಗಲೇ 1.2 ಲಕ್ಷದ ಮೇಲಿತ್ತು. ಹಗುರ ಅನ್ನುವುದು ವ್ಯಾನಿಟಿ ಬ್ಯಾಗಿಗೆ ಒಳ್ಳೆಯದು, ಕೈಗೆ ಅಲ್ಲ. ತೂಕ ಕಮ್ಮಿ ಆದಷ್ಟೂ ಒದೆತ ಜಾಸ್ತಿ. ಮನೆಯಲ್ಲೇ ಇಡುವುದಾದರೆ ಹಗುರಕ್ಕೆ ಯಾಕೆ ದುಡ್ಡು ಕೊಡಬೇಕು?

ನಿಡರ್ .22, ಇನ್ನೂ ಪುಟ್ಟದು, ಕಾಲು ಕೆಜಿ.

ಹಳೇ ಹವಾಲ್ದಾರ್

.22 ಬಗ್ಗೆ ಒಂದು ಮಾತು. ಅದರ ಕಿಡಿಮದ್ದು ಬುಡದ ನಡುವೆ ಇರುವುದಿಲ್ಲ, ಅಂಚಿನ ಸುತ್ತ ಇರುತ್ತದೆ. ಹಾಗಾಗಿ ಟುಸ್ ಆಗುವುದು ಬೇರೆ ತೋಟಗಳಿಗಿಂತ ಜಾಸ್ತಿ. ರಿವಾಲ್ವರಿನಲ್ಲಿ ಮತ್ತೆ ಒತ್ತಿದರೆ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಕೈಯಾರೆ ತೆಗೆಯಬೇಕು. ಕಲಿಯುವುದಕ್ಕೆ .22ನಂಥದ್ದು ಇನ್ನೊಂದಿಲ್ಲ. ಪ್ರಾಣ ಉಳಿಸಿಕೊಳ್ಳಲು ಅದೊಂದನ್ನೇ ನಂಬು ಅಂತ ನಾನು ಹೇಳುವುದಿಲ್ಲ.

2023ರಲ್ಲಿ ಪ್ರಬಲ್ ಅಂತ ಇನ್ನೊಂದು .32 ರಿವಾಲ್ವರ್ ಬಂತು, ಅದೂ ಕಾನ್ಪುರದ್ದೇ. ನಳಿಗೆ 132 ಮಿಲಿಮೀಟರ್, 50 ಮೀಟರ್ ದೂರಕ್ಕೆ ಹೊಡೆಯುತ್ತದೆ ಅಂತ ಪ್ರಚಾರ. ನಿನ್ನ ಅಂಗಳ ಎಷ್ಟುದ್ದ ಇದೆ ತಮ್ಮಾ? ನಳಿಗೆ ಉದ್ದ ಇದ್ದರೆ ಗುರಿಗೂ ವೇಗಕ್ಕೂ ಒಳ್ಳೆಯದು, ಅದಕ್ಕೆ ತಗೊಳ್ಳಬಹುದು. 50 ಮೀಟರ್ ಆಸೆಗೆ ಬೇಡ.

ಗಾಜಿನ ಹೆಂಚು

ನನ್ನ ಹೆಸರು ಯಾಕೆ ಹೀಗೆ ಅಂತ ತುಂಬಾ ಜನ ಕೇಳಿದ್ದೀರಿ. ಇವತ್ತು ಹೇಳುತ್ತೇನೆ.

ನಾನು ಏಳನೇ ಕ್ಲಾಸು. ಗದ್ದೆ ಕಾಯಲು ಹೋದ ಅಪ್ಪ, ಚಿಕ್ಕಪ್ಪ ಬೆಳಗಿನ ಜಾವ ಬಂದರು. ಒಂಟಿ ನಳಿಗೆ ಕೋವಿ. ತೋಟ ಅಣ್ಣ ತೆಗೆದಿದ್ದಾನೆ ಅಂತ ಚಿಕ್ಕಪ್ಪ, ತಮ್ಮ ತೆಗೆದಿದ್ದಾನೆ ಅಂತ ಅಪ್ಪ. ಕೋವಿ ಎತ್ತಿಡುವ ಮೊದಲು ಸ್ಪ್ರಿಂಗ್ ಸಡಿಲ ಆಗಲಿ ಅಂತ ಟ್ರಿಗರ್ ಒತ್ತಿ ಬಿಡುವ ಅಭ್ಯಾಸ ಅಪ್ಪನಿಗೆ. ಒತ್ತಿದರು. ಅಡುಗೆಮನೆ ಮಾಡಿನಿಂದ ಹೆಂಚಿನ ಚೂರು, ಕರಿ, ಜೇಡರ ಬಲೆ ಎಲ್ಲಾ ಅಮ್ಮನ ಮೇಲೆ ಸುರಿಯಿತು. ಅಮ್ಮ ಒಲೆಗೆ ಊದುತ್ತಿದ್ದವಳು ಊದುಕೊಳವೆ ಹಿಡಿದುಕೊಂಡೇ ಕೂತಿದ್ದಳು. ಮೂತಿ ಮೇಲಕ್ಕಿತ್ತು, ಅಷ್ಟೇ ನಮ್ಮ ಪುಣ್ಯ.

ಒಡೆದ ಜಾಗಕ್ಕೆ ಅಪ್ಪ ಗಾಜಿನ ಹೆಂಚು ಹಾಕಿಸಿದರು. ಈಗಲೂ ಬೆಳಿಗ್ಗೆ ಹತ್ತು ಗಂಟೆಗೆ ಒಲೆ ಪಕ್ಕ ಒಂದು ಚೌಕ ಬಿಸಿಲು ಬೀಳುತ್ತದೆ. ಅಪ್ಪ ಆಮೇಲೆ ಕೋವಿ ಮುಟ್ಟಲಿಲ್ಲ.

ನಾಲ್ಕು ವರ್ಷದ ಮಗಳಿದ್ದಾಳೆ ಅಂದಿರಲ್ಲ, ಅದಕ್ಕೆ ಬರೆದೆ. ಬೋರ್ ಆಮೇಲೆ. ಬೀಗ ಎಲ್ಲಿ, ಕೀ ಯಾರ ಹತ್ತಿರ ಅಂತ ಮೊದಲು ಯೋಚಿಸಿ.

ಗೊರಬಲು

🙏

ಕರಿಕೋಟು

ಶಿವಮೊಗ್ಗ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವವನು ನಾನು. ಯಾರೂ ಮುಟ್ಟದ ಒಂದು ವಿಷಯ ಇದೆ.

ಹಳ್ಳದಾಚೆ ಮನೆಯವರೆ, ಆ ರಾತ್ರಿ ನಿಮ್ಮ ಕೈಯಲ್ಲಿ ರಿವಾಲ್ವರ್ ಇತ್ತು ಅಂತ ಇಟ್ಟುಕೊಳ್ಳಿ. ಹೊರಗೆ ಬಂದಿರಿ. ಮೂವರು ಅಡಿಕೆ ಚೀಲ ಹೊತ್ತುಕೊಂಡು ಓಡುತ್ತಿದ್ದಾರೆ. ಹೊಡೆದಿರಿ, ಒಬ್ಬ ಬಿದ್ದ. ಗುಂಡು ಬೆನ್ನಿಗೆ. ನಿಮ್ಮ ಪರ ವಕಾಲತ್ತು ಹಾಕುವವನು ನಾನೇ ಆದರೂ ನನಗೆ ಹೇಳಲು ಏನೂ ಉಳಿದಿರುವುದಿಲ್ಲ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರಲ್ಲಿ 34ರಿಂದ 44ನೇ ಕಲಮುಗಳವರೆಗೆ. ಪ್ರಾಣಕ್ಕೆ ಅಥವಾ ಭಾರೀ ಗಾಯಕ್ಕೆ ನಿಜವಾದ ಭಯ ಇದ್ದಾಗ ಎದುರಾಳಿಯ ಸಾವಿನವರೆಗೂ ಹೋಗಬಹುದು ಅನ್ನುತ್ತದೆ 38. ಆಸ್ತಿಯ ಬಗ್ಗೆ 41. ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಮನೆ ಮುರಿದು ಒಳಗೆ ಬರುವುದು, ವಾಸದ ಮನೆಗೆ ಬೆಂಕಿ ಇಡುವುದು, ಇಂಥವು ಅದರಲ್ಲಿವೆ. ಬರೀ ಕಳ್ಳತನ ಅದರಲ್ಲಿ ಇಲ್ಲ. ತಡೆದರೆ ಕೊಲ್ಲುತ್ತಾರೆ ಅಥವಾ ಭಾರೀ ಗಾಯ ಮಾಡುತ್ತಾರೆ ಅನ್ನುವ ಭಯಕ್ಕೆ ಕಾರಣ ಇದ್ದರೆ ಮಾತ್ರ ಉಂಟು. 37 ಇನ್ನೂ ಮುಖ್ಯ. ಎಷ್ಟು ಬೇಕೋ ಅಷ್ಟೇ ಏಟು, ಅದಕ್ಕಿಂತ ಜಾಸ್ತಿ ಇಲ್ಲ.

ಒಂದು ಕ್ವಿಂಟಲ್ ರಾಶಿ ಅಡಿಕೆಗೆ ಮಂಡಿಯಲ್ಲಿ ಎಷ್ಟೇ ರೇಟು ಇರಲಿ, ಅದಕ್ಕೆ ಗುಂಡು ಹಾರಿಸುವ ಹಕ್ಕು ಇಲ್ಲ.

ಹೆಸರಿಗೆ ಬೆಟ್ಟೆ

ಹಾಗಾದರೆ ಕಳ್ಳ ತಗೊಂಡು ಹೋಗಲಿ, ನಾವು ಕೈಕಟ್ಟಿ ನೋಡುತ್ತಾ ನಿಲ್ಲಬೇಕಾ ವಕೀಲರೆ? ವರ್ಷವಿಡೀ ಔಷಧಿ ಹೊಡೆದು, ಕೊಳೆ ರೋಗ ಕಳೆದು, ಕೊನೆ ಇಳಿಸಿ, ಸುಲಿಸಿ, ಬೇಯಿಸಿ...

ಕರಿಕೋಟು

ನನಗೂ ಮೂರು ಎಕರೆ ತೋಟ ಇದೆ ಬೆಟ್ಟೆಯವರೆ. ಹೊಟ್ಟೆ ಉರಿಯುತ್ತದೆ. ಕೂಗಿ, ಲೈಟ್ ಹಾಕಿ, 112ಕ್ಕೆ ಫೋನ್ ಮಾಡಿ, ಗಾಡಿ ನಂಬರ್ ನೋಡಿ. ಹೊಟ್ಟೆ ಉರಿದಾಗ ಕೈಯಲ್ಲಿ ಏನಿರಬಾರದು ಅನ್ನುವುದನ್ನೇ ನಾನು ಹೇಳಿದ್ದು.

ಸುಮ್ನೆ ಬಂದೆ

ಇಷ್ಟೆಲ್ಲ ಲೈಸೆನ್ಸ್ ತಲೆಬಿಸಿ ಯಾಕೆ? ಕಳ್ಳದಾರಿಯಲ್ಲಿ ನಾಡ ಪಿಸ್ತೂಲು ಕಮ್ಮಿಗೆ ಸಿಗುತ್ತದಂತೆ.

ಕರಿಕೋಟು

ಸಿಗುತ್ತದೆ. ಅದರ ಜೊತೆ 2019ರ ತಿದ್ದುಪಡಿಯ ಪ್ರಕಾರ ಎರಡರಿಂದ ಐದು ವರ್ಷ ಜೈಲೂ ಸಿಗುತ್ತದೆ. ದಯವಿಟ್ಟು ಈ ಮಾತು ಇಲ್ಲಿಗೇ ನಿಲ್ಲಿಸಿ.

ಹಳೇ ಹವಾಲ್ದಾರ್

ಜೈಲು ಹಾಗಿರಲಿ, ನೀರಿನ ಪೈಪಿನಲ್ಲಿ ಮಾಡಿದ ನಳಿಗೆ ಸೀಳಿಕೊಂಡರೆ ಹೋಗುವುದು ಹೊಡೆಯುವವನ ಕೈ.

ಆಗುಂಬೆ ಮಳೆ

ಮಳೆ ವಿಷಯ ಯಾರೂ ಎತ್ತಲಿಲ್ಲವಲ್ಲ! ಯಾವ ಬೋರ್ ಆದರೂ ನಮ್ಮ ಕಡೆ ಮೊದಲ ಶತ್ರು ಕಳ್ಳ ಅಲ್ಲ, ಬೂಸ್ಟು.

ಅಜ್ಜನ ಕಾಲದಲ್ಲಿ 12 ಬೋರಿಗೆ ಕಾಗದದ ತೋಟ. ಜುಲೈ ತಿಂಗಳಲ್ಲಿ ಅದು ಶೀತ ಎಳೆದು ಉಬ್ಬುತ್ತಿತ್ತು. ಹಂದಿ ಗದ್ದೆಗೆ ಇಳಿದಾಗ ಅಜ್ಜ ತೋಟ ತುರುಕುತ್ತಾರೆ, ಅರ್ಧಕ್ಕೆ ನಿಂತಿತು. ಒಳಗೂ ಹೋಗದು, ಹೊರಗೂ ಬಾರದು. ಹಂದಿ ಹೊಟ್ಟೆ ತುಂಬ ತಿಂದು ನಿಧಾನಕ್ಕೆ ಹೋಯಿತಂತೆ. ಅದಕ್ಕೇ ಅವರು ತೋಟಗಳನ್ನು ಗಾಜಿನ ಭರಣಿಯಲ್ಲಿ ಹುರಿದ ಅಕ್ಕಿ ಜೊತೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದರು. ಈಗ ಪ್ಲಾಸ್ಟಿಕ್ ತೋಟ, ಉಬ್ಬುವುದಿಲ್ಲ. ಆದರೆ ಹಿತ್ತಾಳೆ ಬುಡ ಹಸಿರು ಹಿಡಿಯುತ್ತದೆ.

ಚರ್ಮದ ಚೀಲದಲ್ಲಿ ರಿವಾಲ್ವರ್ ಇಡಲೇಬೇಡಿ. ನನ್ನ ಭಾವ ಮೇ ತಿಂಗಳಲ್ಲಿ ಒಳಗಿಟ್ಟು ಸೆಪ್ಟೆಂಬರಿನಲ್ಲಿ ತೆಗೆದರು. ಚರ್ಮ ನೀರು ಕುಡಿದು ಕೂತಿತ್ತು. ಚರ್ಮ ತಾಗಿದ ಕಡೆಯೆಲ್ಲ ನಳಿಗೆ ಮೇಲೆ ಕೆಂಪು ಚುಕ್ಕೆ, ದಡಾರ ಎದ್ದ ಹಾಗೆ. ತೆಂಗಿನೆಣ್ಣೆ ಸವರಿದ್ದರು, ಅದು ಜಿಡ್ಡುಗಟ್ಟಿ ಉರುಳೆ ತಿರುಗುತ್ತಲೇ ಇರಲಿಲ್ಲ. ಬಂದೂಕಿನ ಎಣ್ಣೆ ತೆಳ್ಳಗೆ ಹಾಕಿ, ಒಣ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಲೇಬೇಕು. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಪೆಟ್ಟಿಗೆಗೆ ಹಾಕಿ.

ಗೊರಬಲು

ಎಲ್ಲಾ ಸರಿ, ಚುನಾವಣೆ ಬಂದಾಗ ಕೋವಿ ಠಾಣೆಗೆ ಇಟ್ಟು ಬರಬೇಕಲ್ಲ. ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ. ಕಳ್ಳರು ನೀತಿ ಸಂಹಿತೆ ನೋಡಿಕೊಂಡು ಬರುತ್ತಾರಾ ಅಂತ ನಮ್ಮ ಮಾವ ಒಮ್ಮೆ ಠಾಣೆಯಲ್ಲೇ ಕೇಳಿದ್ದರು. ರಸೀತಿ ಬರೆಯುತ್ತಿದ್ದವರು ತಲೆ ಎತ್ತಲಿಲ್ಲ.

ಹಳೇ ಹವಾಲ್ದಾರ್

ಬೆಳೆ ಕಾಯಬೇಕು ಅಂತ ವಿನಾಯಿತಿ ಕೇಳಿ ಅರ್ಜಿ ಕೊಡಬಹುದು, ಕೆಲವರಿಗೆ ಸಿಕ್ಕಿದೆ. ಅದು ಬೇರೆ ಚರ್ಚೆ.

ತಮ್ಮಾ, ನಿಮ್ಮಪ್ಪನಿಗೆ 71 ಅಂದೆಯಲ್ಲ. ಅದನ್ನು ಗಮನಿಸಿದ್ದೀಯಾ? 2016ರ ಆಯುಧ ನಿಯಮದಲ್ಲಿ, ಲೈಸೆನ್ಸುದಾರರಿಗೆ 70 ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬಹುದು. ಹೊಸ ರಿವಾಲ್ವರ್ ಲೈಸೆನ್ಸಿಗೆ ಜೀವಭಯ ಇದೆ ಅಂತ ತೋರಿಸಬೇಕು, ಪೊಲೀಸ್ ವರದಿ ಬರಬೇಕು, ಡಿಸಿ ಒಪ್ಪಬೇಕು. ಅಡಿಕೆ ಕಳುವಿನ ದೂರಿನ ಪ್ರತಿ ಇದ್ದರೆ ಜೊತೆಗೆ ಇಡು. ದೂರು ಕೊಟ್ಟಿದ್ದೀಯ ತಾನೆ?

ಹಳ್ಳದಾಚೆ ಮನೆ

ಕೊಟ್ಟಿಲ್ಲ ಸಾರ್. ಮೂರು ಚೀಲಕ್ಕೆ ಯಾಕೆ ಅಲೆಯುವುದು ಅಂತ ಅಪ್ಪ ಬೇಡ ಅಂದರು.

ಕರಿಕೋಟು

ಅಯ್ಯೋ ಮಾರಾಯ್ರೆ.

ಕುಶಾವತಿ ದಂಡೆ

12 ಬೋರಿನ ಬಗ್ಗೆ ಇರುವ ಒಂದು ತಪ್ಪು ನಂಬಿಕೆ ಹೇಳಿಬಿಡುತ್ತೇನೆ. ಚರೆ (ತೋಟದೊಳಗಿನ ಸಣ್ಣ ಸೀಸದ ಗುಂಡುಗಳು) ಹರಡುತ್ತದೆ, ಗುರಿ ಇಡಬೇಕಾಗಿಲ್ಲ ಅನ್ನುತ್ತಾರೆ. ಮರದ ಮೇಲಿನ ಹಕ್ಕಿ ದೂರಕ್ಕೆ ಅದು ನಿಜ. ಕೋಣೆಯೊಳಗೆ ನಾಲ್ಕೈದು ಮೀಟರಿಗೆ ಚರೆ ಅಷ್ಟೇನೂ ಹರಡುವುದಿಲ್ಲ. ಗುರಿ ಇಡಲೇಬೇಕು.

ಇನ್ನೊಂದು, ನಿಮ್ಮ ಕೋಣೆಗಳ ನಡುವೆ ಏನಿದೆ? ಜಂಬಿಟ್ಟಿಗೆ ಗೋಡೆ ಆದರೆ ಪರವಾಗಿಲ್ಲ. ನಮ್ಮ ಮನೆಯಲ್ಲಿ ಅರ್ಧಕ್ಕೆ ಹಲಗೆ ಅಡ್ಡಗೋಡೆ. ಹಲಗೆ .32ನ್ನೂ ತಡೆಯುವುದಿಲ್ಲ. ಅತ್ತೆ ಅದರಾಚೆ ಮಲಗುತ್ತಾರೆ. ಅದಕ್ಕೆ ನಾನು ಹೊರಬಾಗಿಲ ಕಡೆಗೆ ಮಾತ್ರ ಮೂತಿ ಮಾಡಬಹುದು ಅಂತ ಹಗಲಲ್ಲೇ ನಿಂತು ನೋಡಿ ಇಟ್ಟುಕೊಂಡಿದ್ದೇನೆ. ನೀವೂ ಒಮ್ಮೆ ರಾತ್ರಿ ಲೈಟ್ ಆರಿಸಿ, ಹಾಸಿಗೆಯಿಂದ ಎದ್ದು ಎಷ್ಟು ಹೊತ್ತು ಬೇಕು ಅಂತ ನೋಡಿ. ತೋಟ ಇಲ್ಲದೆ.

ಸಾಗರದವ

12 ಬೋರ್ ಅಂದರೆ 12 ಏನು ಅಂತ ಯಾರಿಗಾದರೂ ಗೊತ್ತಾ? ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾಗಿ 12 ಉಂಡೆ ಮಾಡಿದರೆ ಅದರಲ್ಲಿ ಒಂದು ಆ ನಳಿಗೆಗೆ ಸರಿಹೋಗುತ್ತದೆ. 16 ಉಂಡೆ ಮಾಡಿದರೆ 16 ಬೋರ್. ಅದಕ್ಕೇ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣ. .38 ಅನ್ನುವುದು ನಿಜವಾಗಿ .357 ಇಂಚು, .32 ಅನ್ನುವುದು .312. ಹೆಸರಿಗೂ ಅಳತೆಗೂ ಸಂಬಂಧ ಇಲ್ಲ. ಬೋರ್ ಬಗ್ಗೆ ತಲೆ ಕೆಡಿಸಿಕೊಂಡವರಿಗೆ ಇರಲಿ ಅಂತ ಹೇಳಿದೆ.

ಹೆಸರಿಗೆ ಬೆಟ್ಟೆ

ಅದು ಸರಿ, ಕಾಟಿ (ಕಾಡುಕೋಣ) ಬಂದರೆ .32ರಲ್ಲಿ ಏನು ಮಾಡುತ್ತೀರಿ?

ಆಗುಂಬೆ ಮಳೆ

ಕಾಟಿಗೆ .32 ಅಂದರೆ ನುಸಿ. ಸಿಟ್ಟು ಬರಿಸುವುದಕ್ಕೆ ಸಾಕು. ಮರ ಹತ್ತಿ.

ಕರಿಕೋಟು

ಪ್ರಾಣಿ ಮೇಲೆ ಬಿದ್ದು ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ವನ್ಯಜೀವಿ ಕಾಯ್ದೆಯ 11ನೇ ಕಲಮು ಕಾಪಾಡುತ್ತದೆ. ತೋಟಕ್ಕೆ ಬಂತು ಅಂತ ಹೊಡೆದರೆ ಕಾಪಾಡುವುದಿಲ್ಲ.

ಹಳ್ಳದಾಚೆ ಮನೆ

ಹನ್ನೆರಡು ದಿನ ಆಯ್ತು, ವರದಿ ಒಪ್ಪಿಸುತ್ತೇನೆ.

ಅಕ್ಕ ಹೇಳಿದ ಹಾಗೆ ನೋಡಿದೆ. ಬೇಕೆಂದೇ ಕರೆಂಟ್ ಹೋದ ರಾತ್ರಿ ಮಾಡಿದೆ. ಕೋವಿ ಅಪ್ಪನ ಕೋಣೆಯ ಬೀಟೆ ಬೀರುವಿನಲ್ಲಿ, ಕೀ ದೇವರ ಮನೆಯ ಗೂಡಿನಲ್ಲಿ, ತೋಟ ಅಟ್ಟದ ಮೇಲಿನ ಟ್ರಂಕಿನಲ್ಲಿ. ಹೆಂಡತಿ ಮೊಬೈಲ್ ಹಿಡಿದು ಟೈಮ್ ನೋಡಿದಳು. ಎದ್ದೆ, ಕನ್ನಡಕ ಹುಡುಕಿದೆ, ದೇವರ ಮನೆ ಹೊಸ್ತಿಲಿಗೆ ಕಾಲು ಜಜ್ಜಿಕೊಂಡೆ, ಕೀ ತೆಗೆಯುವಾಗ ಆರತಿ ತಟ್ಟೆ ಬಿತ್ತು. ಕೋವಿ ಕೈಗೆ ಬರುವಷ್ಟರಲ್ಲಿ 2 ನಿಮಿಷ 50 ಸೆಕೆಂಡ್. ಅಟ್ಟ ಹತ್ತಿಯೇ ಇರಲಿಲ್ಲ. ತಟ್ಟೆ ಸದ್ದಿಗೆ ಮಗಳು ಎದ್ದು ಅಳುತ್ತಿದ್ದಳು. ಅಪ್ಪ ಕತ್ತಲಲ್ಲಿ ಕೂತು ನಗುತ್ತಿದ್ದರು.

ಬೀರುವಿನಲ್ಲಿ .45 ಇದ್ದರೂ ಅಷ್ಟೇ ಹೊತ್ತು ಆಗುತ್ತಿತ್ತು ಅಂತ ಆಗ ಗೊತ್ತಾಯ್ತು.

ಹಾಗಾಗಿ ಇಷ್ಟು ಮಾಡಿದ್ದೇನೆ. ತಡವಾದರೂ ಠಾಣೆಗೆ ಹೋಗಿ ಕಳುವಿನ ದೂರು ಕೊಟ್ಟೆ. ಅಂಗಳಕ್ಕೆ ಎರಡು ಸೋಲಾರ್ ಲೈಟ್, ಯಾರಾದರೂ ಬಂದರೆ ತಾನಾಗಿ ಹತ್ತುವಂಥದ್ದು. ಮೊದಲ ರಾತ್ರಿ ಹನ್ನೊಂದು ಸಲ ಹತ್ತಿತು, ಎಲ್ಲಾ ಬೆಕ್ಕು. ಒಣಗಿದ ಅಡಿಕೆ ಅವತ್ತವತ್ತೇ ಒಳಗೆ ಸೇರುತ್ತದೆ. ಜಗಲಿ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹಾಕಿಸಿದೆ. ಬಾಗಿಲು ಮುರಿಯಲು ಹೊತ್ತು ಹಿಡಿದರೆ ಆ ಹೊತ್ತು ನಮ್ಮದಾಗುತ್ತದೆ ಅಂತ ಬಡಗಿ ಹೇಳಿದ. ಹವಾಲ್ದಾರ್ ಸಾರ್ ಮಾತಿಗಿಂತ ಅವನ ಮಾತೇನೂ ಕಮ್ಮಿ ಇರಲಿಲ್ಲ.

ಅಪ್ಪನ 12 ಬೋರ್ ನನ್ನ ಹೆಸರಿಗೆ ಮಾಡಿಸಲು ಅರ್ಜಿ ತಯಾರಾಗುತ್ತಿದೆ. ತರಬೇತಿ ಪ್ರಮಾಣಪತ್ರ ಬೇಕಂತೆ, ಮುಂದಿನ ಶಿಬಿರಕ್ಕೆ ಹೆಸರು ಕೊಟ್ಟಿದ್ದೇನೆ. ಹೆಂಡತಿಯೂ ಬರುತ್ತಾಳೆ. ರಿವಾಲ್ವರ್ ವಿಷಯ ತರಬೇತಿ ಮುಗಿದ ಮೇಲೆ. ಆಗಲೂ ಬೇಕು ಅನಿಸಿದರೆ .32 ಲಾಂಗ್, ಕಾನ್ಪುರದ ಮಾಮೂಲಿ ಭಾರದ್ದು.

ಕುಶಾವತಿ ದಂಡೆ

ರಬ್ಬರ್ ಚೆಂಡು ಎರಡು ತಗೊಳ್ಳಿ. ಹೆಂಡತಿಗೂ ಬೇಕು.

ಗೊರಬಲು

ಬೆಕ್ಕಿಗೆ ಯಾವ ಬೋರ್ ಒಳ್ಳೆಯದು ಅಂತ ಹೊಸ ಚರ್ಚೆ ಶುರು ಮಾಡೋಣವಾ 😄

ಗಾಜಿನ ಹೆಂಚು

ಕೀ ಈಗ ಎಲ್ಲಿದೆ?

ಹಳ್ಳದಾಚೆ ಮನೆ

ದೇವರ ಮನೆಯಿಂದ ತೆಗೆದೆ. ಮಗಳಿಗೆ ಆ ಗೂಡು ಎಟಕುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಎಲ್ಲಿಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ.